ಖಾಲಿ ಜಗ್ಗು

ಮಂಚದ ಪಕ್ಕದ ನೀರಿನ ಜಗ್ಗೂ ಖಾಲಿ, ಕೆಳಗಿಟ್ಟ ಯೂರಿನ್ ಪಾಟೂ ಹೆಚ್ಚುಕಡಿಮೆ ಖಾಲಿ. ಸಿಸ್ಟರ್ ಎರಡನ್ನೂ ಎತ್ತಿ ನೋಡಿ, ಕಾಲಿನ ಆಪರೇಷನ್ ಆಗಿ ಮಲಗಿದ್ದ ಮುದುಕನ ಮುಖ ನೋಡಿದಳು. ತುಟಿ ಒಣಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಕುಡಿದ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮುದುಕ ಫ್ಯಾನು ನೋಡತೊಡಗಿದ.

ಅವನ ಹೆಂಡತಿ ಬಾತ್‌ರೂಮಿಗೆ ಹೋಗಿದ್ದಳು. ನಿನ್ನೆಯಿಂದ ಅವಳದು ಅದೇ ಓಡಾಟ. ಸಿಸ್ಟರಿಗೆ ತಟ್ಟನೆ ಹೊಳೆಯಿತು.

"ಅಮ್ಮಾ, ಇವರ ಪಾಲಿನ ನೀರು ನೀವು ಕುಡೀತಿದೀರಾ?"

ಕೈ ಒರೆಸಿಕೊಳ್ಳುತ್ತ ಬಂದ ಮುದುಕಿ ಸಿಕ್ಕಿಬಿದ್ದಳು. ಏನು ಮಾಡುವುದು, ಗಂಡ ಜೀವಮಾನವೆಲ್ಲ ಬಸ್ಸು ಓಡಿಸಿದವನು. ತನ್ನೊಬ್ಬನ ಮೂತ್ರಕ್ಕೋಸ್ಕರ ಗಾಡಿ ನಿಲ್ಲಿಸಿ ಅಷ್ಟು ಜನರನ್ನು ಕಾಯಿಸುವುದೇ ಎಂದು ಡ್ಯೂಟಿ ಮುಗಿಯುವ ತನಕ ಗಂಟಲು ಒದ್ದೆ ಮಾಡಿಕೊಂಡವನಲ್ಲ. ಇಲ್ಲಿಯೂ ಅದೇ ಹಟ. ಯಾರದೋ ಮನೆ ಹೆಣ್ಣುಮಗಳ ಕೈಗೆ ಪಾಟ್ ಕೊಡುವುದಕ್ಕಿಂತ ಬಾಯಾರಿಕೆಯೇ ವಾಸಿಯಂತೆ. ಜಗ್ಗು ತುಂಬಿದ್ದರೆ ಸಿಸ್ಟರ್ ಬೈಯುತ್ತಾಳೆ. ಗಂಡನನ್ನು ಬೈಯುವ ಹಕ್ಕನ್ನು ಮುದುಕಿ ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸಿಸ್ಟರ್ ನಗಲಿಲ್ಲ. ಓಡಿಹೋಗಿ ಡಾಕ್ಟರನ್ನು ಕರೆತಂದಳು. ರಕ್ತದ ಪರೀಕ್ಷೆ ಆಯಿತು, ನೋವಿನ ಮಾತ್ರೆ ನಿಂತಿತು, ಡ್ರಿಪ್ ಏರಿತು. ರಿಪೋರ್ಟ್ ಬಂದ ಮೇಲೆ ಮುದುಕಿಯ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ನೀರಿಲ್ಲದೆ ಇವರ ಕಿಡ್ನಿ ಸೋಲ್ತಾ ಇದೆ ಅಮ್ಮ. ನೋವು ಗೀವು ಏನೂ ಇರಲ್ಲ, ಮೂತ್ರ ಕಮ್ಮಿ ಆಗೋದೇ ಸುಳಿವು. ಬೇಗ ಗೊತ್ತಾಯ್ತು, ಸರಿಹೋಗುತ್ತೆ. ಜಗ್ಗು ತುಂಬಿದ್ದಿದ್ರೆ ನಿನ್ನೇನೇ ಗೊತ್ತಾಗ್ತಿತ್ತು."

ಗಂಡನನ್ನು ಕಾಪಾಡುತ್ತಿದ್ದೇನೆಂದು ಕುಡಿದ ಒಂದೊಂದು ಲೋಟವೂ ಅವನಿಗೇ ಕುತ್ತಾಗಿತ್ತು. ಮುದುಕಿ ಜಗ್ಗು ತುಂಬಿಸಿಕೊಂಡು ಬಂದು, ಲೋಟವನ್ನು ಅವನ ತುಟಿಗೆ ಹಿಡಿದಳು. ಚೆನ್ನಾಗಿ ಬೈಯಬೇಕೆಂದಿದ್ದಳು, ಬಾಯಿಗೆ ಬಂದದ್ದೇ ಬೇರೆ.

"ರೀ, ಈ ಬಸ್ಸಲ್ಲಿ ಇರೋದು ನಾನೊಬ್ಬಳೇ. ನಂಗೇನೂ ಅವಸರ ಇಲ್ಲ."

ಅವನು ಕುಡಿದ. ಇನ್ನೊಂದು ಲೋಟಕ್ಕೂ ಬೇಡ ಅನ್ನಲಿಲ್ಲ.

ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಮುದುಕ ಅವಳ ಮೊಣಕೈ ಜಗ್ಗಿದ. ಅತ್ತಿತ್ತ ನೋಡಿ, ನಾಚಿಕೊಂಡು ಪಿಸುಗುಟ್ಟಿದ: "ಸ್ವಲ್ಪ ಗಾಡಿ ನಿಲ್ಲಿಸಬೇಕು ಕಣೇ."

ಮುದುಕಿ ಸರಕ್ಕನೆ ಪರದೆ ಎಳೆದು, ಕಣ್ಣೊರೆಸಿಕೊಳ್ಳುತ್ತ, ಇಡೀ ವಾರ್ಡಿಗೆ ಕೇಳುವಂತೆ ಬಸ್ ಕಂಡಕ್ಟರನ ಹಾಗೆ ಕೂಗಿದಳು: "ಹೋಲ್ಡಾನ್!"