ಯಂತ್ರರಾಜದ ಹಿಂಬದಿ

ಗೋವಿಂದಮ್ಮ ಉಳಿಯನ್ನು ಹಿತ್ತಾಳೆಯ ಮೇಲೆ ಊರಿದ್ದೇ ತಡ, ಓಂಕಾರಮೂರ್ತಿ ಕೈ ಅಡ್ಡ ಹಿಡಿದ. "ಹಿಂಬದಿ ಏನೂ ಕೆತ್ಬ್ಯಾಡಮ್ಮ. ಮಣ್ಣಾಗೆ ಹೂತು ಕಿಲುಬು ಹಿಡಿಸ್ತೀನಿ. ಮುನ್ನೂರು ವರ್ಷದ್ದು ಅಂದ್ರೆ ಯಾರಾದ್ರೂ ನಂಬ್ತಾರೆ."

ಚಳ್ಳಕೆರೆಯಲ್ಲಿ ಹಳೆಯ ಸಾಮಾನು ಮಾರುವ ಅವನು ತಂದುಕೊಟ್ಟ ಫೋಟೊಗಳನ್ನು ನೋಡಿಯೇ ಅವಳು ಈ ಆಸ್ಟ್ರೋಲೇಬ್ ಮಾಡಿದ್ದಳು. ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹೊತ್ತು ಹೇಳುವ ಈ ತಟ್ಟೆಯನ್ನು ಹಿಂದಿನವರು ಯಂತ್ರರಾಜ ಎನ್ನುತ್ತಿದ್ದರಂತೆ. ಮೊಳಕಾಲ್ಮುರಿನಲ್ಲಿ ಮೂವತ್ತು ವರ್ಷ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೆತ್ತಿದವಳಿಗೂ ಇದರ ಗೆರೆಗಳನ್ನು ಎಳೆಯಲು ಎಂಟು ತಿಂಗಳು ಹಿಡಿದಿತ್ತು. ಗಣಿತ ಓದುವ ಮಗಳು ಶ್ರೀವಾಣಿ ಒಂದೊಂದು ಗೆರೆಯನ್ನೂ ಈ ಊರಿನ ಆಕಾಶಕ್ಕೆ ಹೊಂದುವಂತೆ ಲೆಕ್ಕ ಹಾಕಿಕೊಟ್ಟಿದ್ದಳು.

"ನೀವು ಕೊಟ್ಟ ಫೋಟೊದಾಗೆ ಒಂದೊಂದು ಯಂತ್ರದ ಹಿಂಬದಿಗೂ ಮಾಡಿದೋರ ಹೆಸರೈತೆ ಸಾವ್ಕಾರ್ರೇ," ಎಂದಳು ಗೋವಿಂದಮ್ಮ. "ಲಾಹೋರಿನೋರು ಹಾಕ್ಕೊಂಡವ್ರೆ, ಜೈಪುರದೋರು ಹಾಕ್ಕೊಂಡವ್ರೆ. ನಾನ್ಯಾಕೆ ಬಿಡ್ಲಿ?"

"ಹೆಸರು ಬಿದ್ರೆ ನಂಗೆ ಈ ಮಾಲೇ ಬ್ಯಾಡ."

"ಬ್ಯಾಡ ಬಿಡ್ರಿ."

ಅವನ ಕೈಯನ್ನು ಅವಳು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸಾವಿರಾರು ಜನರ ಹೆಸರು ಬರೆದಿದ್ದ ಉಳಿ ಈಗ ಅವಳದೇ ಹೆಸರಿನ ಮೊದಲಕ್ಷರಕ್ಕೆ ಬಂತು. ಆಮೇಲೆ ಸುತ್ತಿಗೆ ನಿಲ್ಲಲಿಲ್ಲ. ಗೋವಿಂದಮ್ಮ, ಮೊಳಕಾಲ್ಮುರು ಎಂದು ಕೆತ್ತಿ, ಓಂಕಾರಮೂರ್ತಿ ನೋಡುತ್ತಿರುವಾಗಲೇ ಅದರ ಕೆಳಗೆ ಈ ವರ್ಷದ ಇಸವಿಯನ್ನೂ ಕೆತ್ತಿದಳು.