ಶುಕ್ರವಾರದ ಮುಚ್ಚಳ

ತನ್ನ ಹೊಸ ಶೌಚಾಲಯದಲ್ಲಿ ಒಂದು ಫ್ಯಾನ್ ಇದೆ ಎಂದು ಡ್ಯಾನಿಯಲ್‌ಗೆ ಗೊತ್ತಾದದ್ದು ಶುಕ್ರವಾರ ಸೂರ್ಯ ಮುಳುಗಿದ ಮೇಲೆ. ಅಬುಧಾಬಿಯಾಚೆ ಮರಳುಗಾಡಿನಲ್ಲಿ ಅವನು ನಡೆಸುವ ಶಿಬಿರಕ್ಕೆ ನೀರು ಟ್ಯಾಂಕರಿನಲ್ಲೇ ಬರಬೇಕು. "ಇದಕ್ಕೆ ನೀರೇ ಬೇಡ ಸಾರ್. ಮುಚ್ಚಳ ಎತ್ತಿದರೆ ಸಾಕು, ಫ್ಯಾನ್ ತಾನೇ ತಿರುಗಿ ಕೆಳಗೆ ಎಲ್ಲವನ್ನೂ ಗೊಬ್ಬರ ಮಾಡುತ್ತದೆ" ಎಂದು ಅದನ್ನು ಜೋಡಿಸಿದ ಶಾಮಸುಂದರ ಹೆಮ್ಮೆಯಿಂದ ಹೇಳಿದ.

ಡ್ಯಾನಿಯಲ್ ತಲೆ ಮೇಲೆ ಕೈ ಹೊತ್ತು ಕೂತ. ಅವನು ಯೆಹೂದಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಶಬ್ಬಾತ್. ಯಾವ ಯಂತ್ರವನ್ನೂ ಚಾಲೂ ಮಾಡುವಂತಿಲ್ಲ. ಎಂಬತ್ತು ದಾಟಿದ ಅವನ ತಾಯಿಗೆ ಆಗಲೇ ಅವಸರವಾಗಿತ್ತು. ಆಕೆ ಶೌಚಾಲಯದ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಹಲ್ಲು ಕಚ್ಚಿ ಕೂತಿದ್ದರು.

"ವಯಸ್ಸಾದವರಿಗೆ ವಿನಾಯಿತಿ ಇಲ್ಲವಾ ಸಾರ್?"

"ಇದೆ. ಅಮ್ಮ ಒಪ್ಪುವುದಿಲ್ಲ."

"ಮರಳುದಿಬ್ಬದ ಹಿಂದೆ?"

"ಗುಂಡಿ ತೋಡಿ ಮುಚ್ಚಬೇಕು ಅಂತ ನಮ್ಮ ಗ್ರಂಥದಲ್ಲೇ ಇದೆ. ಇವತ್ತು ಅಗೆಯುವ ಹಾಗೂ ಇಲ್ಲ."

"ಹಾಗಾದರೆ ಮುಚ್ಚಳ ನಾನೇ ಎತ್ತಿಡ್ತೀನಿ."

"ನಮಗಾಗಿ ಎತ್ತಬಾರದು. ನಾನು ಕೇಳಲೂಬಾರದು. ನಿಮಗೇ ಅರ್ಜೆಂಟಾಗಿ ನೀವು ಎತ್ತಿದ್ದರೆ, ಆಮೇಲೆ ನಾವು ಹೋಗಬಹುದು."

ಶಾಮಸುಂದರ ನೆಲ ನೋಡಿದ. ನೀರಿಲ್ಲದ ಶೌಚಾಲಯದ ಗುಣಗಾನ ಮಾಡುವ ಆತ ಆಗಲೇ ದಿಬ್ಬದ ಹಿಂದೆ ಹೋಗಿ ಬಂದಾಗಿತ್ತು.

ಮರಳುಗಾಡು ನೋಡಲು ಅವನ ಜೊತೆ ಬಂದಿದ್ದ ತಾಯಿ ಅಂಬುಜಮ್ಮ ಏನೆಂದು ಕೇಳಿದರು. ಅವನು ಹೇಳಿದ. ಇಂಥದ್ದನ್ನು ಅವರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಮೈಸೂರಿನಲ್ಲಿ ಮಡಿಯ ಅತ್ತೆಯೊಡನೆ ಅರ್ಧ ಆಯುಷ್ಯ ಬಾಳಿದವರು. ಕುರ್ಚಿಯಲ್ಲಿದ್ದ ಮುದುಕಿಯ ಮುಖ ನೋಡಿ ಅವರಿಗೆ ಸಂಕಟವಾಯಿತು.

"ನಾನು ಹೋಗ್ತೀನಿ. ನಮ್ಮಮ್ಮಂಗೇ ಅರ್ಜೆಂಟು ಅನ್ನು."

"ಇವತ್ತು ಏಕಾದಶಿ ಅಲ್ವೇನಮ್ಮ? ಬೆಳಗ್ಗೆಯಿಂದ ಬಾಯಿಗೆ ಹನಿ ನೀರೂ ಹಾಕ್ಕೊಂಡಿಲ್ಲ ನೀನು."

ಅಂಬುಜಮ್ಮ ಅಲ್ಲೇ ನಿಂತರು. ಮದುವೆಯಾದ ವರ್ಷದಿಂದ ಬಿಡದೆ ಮಾಡಿಕೊಂಡು ಬಂದ ಉಪವಾಸ. ಆ ದಿನ ಸುಳ್ಳು ಹೇಳುವುದು ಅವರಿಂದಾಗದು, ಅದೂ ಇನ್ನೊಬ್ಬರ ದೇವರ ಮುಂದೆ. ಮಗನತ್ತ ಕೈ ಚಾಚಿದರು.

"ಆ ನೀರಿನ ಬಾಟ್ಲಿ ಕೊಡು."

"ನಾನೇ ಕುಡೀತೀನಿ ಬಿಡಮ್ಮ. ನೀನ್ಯಾಕೆ ವ್ರತ ಕೆಡಿಸ್ಕೊಳ್ತೀಯ?"

"ಗಂಡಸರನ್ನ ನಂಬೋಕಾಗಲ್ಲ ಕಣೋ. ಮತ್ತೆ ದಿಬ್ಬ ಹುಡುಕ್ಕೊಂಡು ಹೋಗ್ತೀಯ."

ದೊಡ್ಡ ಬಾಟಲಿಯನ್ನು ಎತ್ತಿದ ಕೈ ಇಳಿಸದೆ ಖಾಲಿ ಮಾಡಿದರು. ಇನ್ನೊಂದು ಕುರ್ಚಿ ಎಳೆದುಕೊಂಡು ಮುದುಕಿಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಾಗಿಲನ್ನೇ ನೋಡುತ್ತ, ತಂತಮ್ಮ ದೇವರನ್ನು ನೆನೆಯುತ್ತ, ಅಂಬುಜಮ್ಮನಿಗೆ ಅವಸರವಾಗುವುದನ್ನೇ ಇಬ್ಬರೂ ಕಾಯತೊಡಗಿದರು.