ಹೋದ ತಿಂಗಳ ನಕ್ಷೆ

ಕಂಪ್ಯೂಟರ್ ಎರಡನೆಯ ಸಲವೂ ‘ಫೇಲ್’ ಎಂದಾಗ ರಾಜಶೇಖರ್ ತನ್ನ ಕುರ್ಚಿ ಬಿಟ್ಟು ಟೆಸ್ಟ್ ಮಾಡುವ ಸುಷ್ಮಿತಾಳ ಮೇಜಿಗೆ ಬಂದ. ಪರೀಕ್ಷೆಗಿಟ್ಟ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಬರೆದವನು ಅವನೇ, ಬೇಲೂರಿನ ಆ ಪುಟ್ಟ ಕಂಪನಿಯ ಯಜಮಾನನೂ ಅವನೇ. ಯಾವ ಸ್ವಿಚ್ ತೆಗೆದರೆ ಯಾವ ಕಂಬದಲ್ಲಿ ಕರೆಂಟ್ ಇರುವುದಿಲ್ಲವೆಂದು ಲೈನ್‌ಮನ್‌ಗಳಿಗೆ ಹೇಳುವ ಪ್ರೋಗ್ರಾಂ ಅದು.

“ಎರಡು ಸಲವೂ ನಡುವೆ ಕರೆಂಟ್ ಹೋಗಿ ಫೇಲಾಗಿದೆ. ಇನ್ನೊಂದು ರೀಟೆಸ್ಟ್ ಕೊಡಮ್ಮ.”

“ಕೊಟ್ರೆ ಪಾಸಾಗುತ್ತೆ ಸಾರ್, ಅದೇ ಭಯ. ರೀಟೆಸ್ಟ್ ಅಂದ್ರೆ ಮತ್ತೆ ಹೋದ ತಿಂಗಳ ತಂತಿ ನಕ್ಷೆ ಮೇಲೇ ಓಡೋದು. ರೀಬೇಸ್ ಕೇಳೋಣ. ನಿಮ್ಮ ಪ್ಯಾಚನ್ನ ಈಗಿನ ನಕ್ಷೆ ಮೇಲೆ ಕೂರಿಸಿ ನೋಡಲಿ.”

“ರೀಬೇಸ್ ಅಂದ್ರೆ ಟೆಸ್ಟಿನ ಸರದಿ ಮೊದಲಿಂದ. ನಾಳೆ ಮಧ್ಯಾಹ್ನ ಆಗುತ್ತೆ. ಐದು ಗಂಟೆಗೆ ಕೊಡ್ತೀನಿ ಅಂತ ಮಾತು ಕೊಟ್ಟು ಕೂತಿದೀನಿ.”

ಹಿರಿಯ ಲೈನ್‌ಮನ್ ಸಣ್ಣಯ್ಯ ಹದಿನೈದು ದಿನದ ಹಿಂದೆ ಇದೇ ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ದ. “ನೋಡವ್ವ, ಗೆಂಡೆಹಳ್ಳಿ ಕಡೆಯಿಂದ ಇನ್ನೊಂದು ತಂತಿ ಎಳ್ದಿದೀವಿ. ಈ ಕಂಬಕ್ಕೆ ಈಗ ಎರಡು ಕಡೆಯಿಂದ ಕರೆಂಟ್ ಬತ್ತೈತೆ. ಮರೀಬ್ಯಾಡ.” ಸುಷ್ಮಿತಾ ಮರೆತಿರಲಿಲ್ಲ. ಮರೆತಿದ್ದರೆ ಮುಂದೆ ಇಷ್ಟು ಸಂಕಟವಾದರೂ ಇರುತ್ತಿರಲಿಲ್ಲ. ಯಜಮಾನನ ಮುಖ ನೋಡಿದಳು, ಗಡಿಯಾರ ನೋಡಿದಳು, ರೀಟೆಸ್ಟ್ ಒತ್ತಿದಳು. ಈ ಸಲ ಕರೆಂಟ್ ಹೋಗಲಿಲ್ಲ. ಪಾಸಾಯಿತು. ಪ್ಯಾಚ್ ಐದಕ್ಕೆ ಮೊದಲೇ ಹೊರಟುಹೋಯಿತು.

ನಾಲ್ಕನೆಯ ದಿನ ಸಣ್ಣಯ್ಯ ಬಾಗಿಲಲ್ಲಿ ನಿಂತಿದ್ದ. ಆಸ್ಪತ್ರೆಯಿಂದ ನೇರ ಬಂದಿದ್ದ. ಹಾರನಹಳ್ಳಿಯಿಂದ ವರ್ಗವಾಗಿ ಬಂದು ಇನ್ನೂ ವಾರ ತುಂಬದ ಲೈನ್‌ಮನ್ ಇಂದುಧರ ಆ ಕಂಬದ ಮೇಲೇ ಸತ್ತಿದ್ದ.

“ಕಂಪ್ಯೂಟ್ರು ಒಂದೇ ಸ್ವಿಚ್ ತೆಗಿ ಅಂತಂತೆ. ಹೊಸಬ, ಅವನಿಗೇನ್ ಗೊತ್ತು? ಅದು ಹೇಳ್ದಂಗೇ ತೆಗ್ದು ಹತ್ತವ್ನೆ. ನಿಂಗೆ ಹೇಳಿದ್ನಲ್ಲವ್ವ?”

ಸುಷ್ಮಿತಾಳಿಗಿಂತ ಮೊದಲು ರಾಜಶೇಖರ್ ಮಾತಾಡಿದ. “ನಮ್ಮಲ್ಲಿ ತಪ್ಪಿಲ್ಲ ಸಣ್ಣಯ್ಯನವರೇ. ಟೆಸ್ಟ್ ಮಾಡದೆ ಒಂದಕ್ಷರ ಕಳಿಸೋಲ್ಲ ನಾವು. ಬೇಕಾದ್ರೆ ನಿಮ್ಮ ಕಣ್ಣೆದುರಿಗೇ ನೋಡಿ. ಕೊಡಮ್ಮ, ರೀಟೆಸ್ಟ್ ಕೊಡು.”

ಅವಳು ಕುರ್ಚಿಯಿಂದ ಎದ್ದಳು. “ನೀವೇ ಒತ್ತಿ ಸಾರ್.”

ಅವನೇ ಒತ್ತಿದ. ಮೂವರೂ ನಿಂತು ಕಾದರು.

‘ಪಾಸ್’ ಎಂದಿತು ಕಂಪ್ಯೂಟರ್. ಅದರ ನಕ್ಷೆಯಲ್ಲಿ ಇಂದುಧರನನ್ನು ಕೊಂದ ತಂತಿಯನ್ನು ಇನ್ನೂ ಎಳೆದೇ ಇರಲಿಲ್ಲ.